ಪಾದ ತೊಳೆಯುವ ಭಾನುವಾರ

ತೊಳೆಸಿಕೊಳ್ಳುವುದಕ್ಕೆಂದು ಒಯ್ಯುವ ಕಾಲನ್ನು ಮನೆಯಲ್ಲೇ ಒಮ್ಮೆ ತೊಳೆದುಕೊಂಡು ಹೋಗಬೇಕೆಂಬುದು ಆ ಕ್ರೈಸ್ತ ಸಭೆಯ ಹೆಂಗಸರಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮ. ವರ್ಡಿ ಮಂಚದ ಅಂಚಿನಲ್ಲಿ ಕುಳಿತು, ತಗಡಿನ ಬೋಗುಣಿಯೊಳಗೆ ಪಾದಗಳನ್ನು ಇಳಿಬಿಟ್ಟು, ಅವನ್ನೇ ನೋಡುತ್ತಿದ್ದಳು. ವೃದ್ಧಾಶ್ರಮದ ಗಟ್ಟಿ ನೆಲದ ಮೇಲೆ ಆಯಾ ಆಗಿ ವರ್ಷಗಟ್ಟಲೆ ಓಡಾಡಿ ಬಾತುಕೊಂಡ ಕಾಲುಗಳು. ಹೆಬ್ಬೆರಳ ಬುಡದಲ್ಲಿ ಎಲುಬು ಗೆಡ್ಡೆಯ ಹಾಗೆ ಉಬ್ಬಿತ್ತು, ಹಿಮ್ಮಡಿ ಬಿರಿದಿತ್ತು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಕರ್ತನು ಶಿಷ್ಯರ ಕಾಲು ತೊಳೆದ ನೆನಪಿಗೆ, ಸಭೆಯ ಯಾವಳೋ ಒಬ್ಬಳು ಮಂಡಿಯೂರಿ ಈ ಕಾಲುಗಳನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಉಳಿದ ದಿನಗಳಲ್ಲಿ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಡ ಕ್ಲೀಟಸ್ ಬದುಕಿದ್ದಾಗಲೂ ಬೀಳುತ್ತಿರಲಿಲ್ಲ. ಕಳೆದ ಎರಡು ವರ್ಷ ಭಾನುವಾರದ ಪಾಳಿ ಬಿದ್ದು ಅವಳಿಗೆ ಈ ಆರಾಧನೆ ತಪ್ಪಿಹೋಗಿತ್ತು. ಗೋಗರೆದರೂ ರಜೆ ಸಿಕ್ಕಿರಲಿಲ್ಲ. ಈ ಸಲ ಸಿಕ್ಕಿತ್ತು. ಕೇಳದೆಯೇ ಸಿಕ್ಕಿತ್ತು. ನೀರು ತಣ್ಣಗಾಗುತ್ತ ಬಂದರೂ ಅವಳು ಕಾಲು ತೆಗೆಯದೆ ಕುಳಿತಿದ್ದಳು.

ರಜೆ ಸಿಕ್ಕಿದ ದಿನ ವೃದ್ಧಾಶ್ರಮದ ಕಚೇರಿಯ ಯಜಮಾನ ಪಡಸಾಲೆಯಲ್ಲಿ ಅವಳನ್ನು ನಿಲ್ಲಿಸಿ ಹೆಗಲ ಮೇಲೆ ಕೈ ಇಟ್ಟಿದ್ದ. ಅವಳ ಮಗನಾಗುವಷ್ಟು ವಯಸ್ಸಿನವನು. ಅವನ ಕೈಯಿಂದ ಸಾಬೂನಿನ ವಾಸನೆ ಬರುತ್ತಿತ್ತು, ಇಡೀ ಕಟ್ಟಡದಲ್ಲಿ ಮೂತ್ರದ ವಾಸನೆ ಅಂಟದ ಕೈ ಅದೊಂದೇ. "ಪಾದ ತೊಳೆಯೋ ಭಾನುವಾರ ಬರ್ತಾ ಇದೆ ಅಲ್ವಾ? ರಜ ತಗೊಳ್ಳಿ ವರ್ಡಿಯಮ್ಮ. ನಿಮ್ಮಂಥೋರು ಇರೋದರಿಂದಲೇ ಈ ಮನೆ ನಡೀತಾ ಇದೆ" ಎಂದ. ಅರ್ಥವಾಗುವ ಮೊದಲೇ ಅವಳು "ದೊಡ್ಡ ಉಪಕಾರ ಆಯ್ತು ಸ್ವಾಮಿ" ಎಂದುಬಿಟ್ಟಿದ್ದಳು. ಅರ್ಥವಾದದ್ದು ಊಟದ ಕೋಣೆಗೆ ಹೋದ ಮೇಲೆ. ಬಾಗಿಲು ತೆಗೆದ ಕೂಡಲೆ ಒಳಗಿನ ಮಾತು ನಿಂತಿತು. ಅವಳು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಒಬ್ಬಳು ತನ್ನ ಕೈಚೀಲ ಇಟ್ಟುಕೊಂಡಿದ್ದಳು. ಇವಳನ್ನು ನೋಡಿಯೂ ತೆಗೆಯಲಿಲ್ಲ. ವರ್ಡಿ ಗೋಡೆಗೆ ಆನಿಕೊಂಡು ನಿಂತೇ ತನ್ನ ರೊಟ್ಟಿ ತಿಂದಳು. ಅರ್ಧಕ್ಕೆ ಬಿಟ್ಟರೆ ಎಲ್ಲರೂ ಗಮನಿಸುತ್ತಾರಲ್ಲ ಎಂದು ಪೂರ್ತಿ ತಿಂದಳು. ಜೊತೆಯ ಆಯಾ ಲೊನಾಳ ಹೆಸರನ್ನು ಕಚೇರಿಗೆ ಕೊಟ್ಟದ್ದಕ್ಕೆ ಅವಳಿಗೆ ಒಂದು ಭಾನುವಾರ ಇನಾಮು ಬಂದಿದೆಯೆಂದು ಆಯಾಗಳೆಲ್ಲ ತಿಳಿದಿದ್ದರು. ಯಜಮಾನನೂ ಹಾಗೆಯೇ ತಿಳಿದಿದ್ದ. ಹಾಗಲ್ಲ ಎಂದು ಅವಳು ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು?

ನಡೆದದ್ದು ಇಷ್ಟೆ. ಪ್ರಾರ್ಥನಾ ಕೂಟದ ಕೊನೆಯಲ್ಲಿ ಸಭೆಯ ಹಿರಿಯರು ಎಂದಿನಂತೆ, ಯಾರಿಗಾದರೂ ಭಾರವಿದೆಯೇ, ಯಾರ ಹೆಸರನ್ನಾದರೂ ಕರ್ತನ ಮುಂದೆ ಇಡಬೇಕೇ ಎಂದು ಕೇಳಿದರು. ಒಬ್ಬಳು ತನ್ನ ಅಣ್ಣನ ಮೂತ್ರಪಿಂಡದ ಮಾತೆತ್ತಿದಳು. ಇನ್ನೊಬ್ಬ ಮಗನ ಕುಡಿತದ ವಿಷಯ ಹೇಳಿ ಅತ್ತ. ಆಮೇಲೆ ವರ್ಡಿ ಎದ್ದು ನಿಂತಳು. "ನನ್ನ ಜೊತೆ ಕೆಲಸ ಮಾಡೋ ಲೊನಾ ಅಂತ ಹುಡುಗಿ ಇದಾಳೆ. ನಮ್ಮ ಸಭೆಯವಳಲ್ಲ. ಆದ್ರೂ ದೊಡ್ಡ ಭಾರ ಹೊತ್ತುಕೊಂಡಿದಾಳೆ. ಗುರುವಾರ ಸಾಯಂಕಾಲ ಅವಳ ಮನೇಲಿ ಆಯಾಗಳೆಲ್ಲ ಸೇರ್ತಾರೆ. ಅವಳಿಗೆ ಧೈರ್ಯ ಸಿಗ್ಲಿ ಅಂತ ಬೇಡ್ಕೊಳ್ಳಿ." ಸಭೆ ಸ್ತಬ್ಧವಾಯಿತು. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಓಲೀಟ ತಲೆ ಬಾಗಿಸಿ ಮೆಲ್ಲನೆ "ಆಮೆನ್" ಎಂದಳು. ಓಲೀಟ ವೃದ್ಧಾಶ್ರಮದಲ್ಲಿ ಇವರೆಲ್ಲರ ಮೇಲ್ವಿಚಾರಕಿ. ಅದು ವರ್ಡಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಸಭೆಯ ಬಾಗಿಲು ದಾಟಿ ಒಳಗೆ ಬಂದ ಮೇಲೆ ಓಲೀಟ ಸಹೋದರಿ. ಅವಳ ಬೆನ್ನು, ಬಿಳಿ ಜಡೆಯ ಗಂಟು, ಅವಳ ಆಮೆನ್ ಎಲ್ಲವೂ ಸಹೋದರಿಯದು. ದೇವರ ಮುಂದೆ ಹೇಳಿದ ಮಾತು ದೇವರಲ್ಲಿಗೆ ಮಾತ್ರ ಹೋಗುತ್ತದೆಂದು ಅವಳು ಹುಟ್ಟಿದಾಗಿನಿಂದ ನಂಬಿದ್ದಳು. ಆದರೂ ಮನಸ್ಸನ್ನು ಕೆದಕಿ ನೋಡಿಕೊಂಡಾಗಲೆಲ್ಲ ಅದಕ್ಕಿಂತ ಕೆಳಗೆ ಬೇರೆ ಏನೋ ಸಿಗುತ್ತಿತ್ತು. ಕುಡಿದು ಬಂದನೆಂದು ಸಭೆಯಿಂದ ಹೊರಹಾಕಿಸಿಕೊಂಡವನ ಹೆಂಡತಿ ಅವಳು. ಕೊನೆಯ ಬೆಂಚು ಅವಳದು. ಅವಳ ಮಾತಿಗೆ ಎಲ್ಲರ ತಲೆಯೂ ತಿರುಗಿದ್ದು ಅದೇ ಮೊದಲು. ಆ ಸ್ತಬ್ಧತೆ ಅವಳಿಗೆ ಹಿತವಾಗಿತ್ತು. ಗುರುವಾರ ಎಂಬ ಮಾತನ್ನು, ಅವಳ ಮನೆ ಎಂಬ ಮಾತನ್ನು ಸೇರಿಸಿದ್ದು ಆ ಹಿತ ಇನ್ನೊಂದು ಗಳಿಗೆ ಉಳಿಯಲೆಂದೇ. ದೇವರಿಗೆ ವಾರ ಯಾತಕ್ಕೆ ಬೇಕು?

ಆ ಗುರುವಾರದ ಮರುದಿನ, ಶುಕ್ರವಾರ ಬೆಳಗ್ಗೆ, ಲೊನಾಳನ್ನು ಕೆಲಸದಿಂದ ತೆಗೆದರು. ಕೊಟ್ಟ ಕಾರಣ ಥರ್ಮನ್ ಮುದುಕನ ಸಾವು.

ಕಾಲು ಒರೆಸಿಕೊಳ್ಳುತ್ತಿದ್ದ ವರ್ಡಿಯ ಕೈ ನಿಂತಿತು. ಥರ್ಮನ್ ಗಣಿಯಲ್ಲಿ ದುಡಿದು ಎದೆಯಲ್ಲಿ ಕಲ್ಲಿದ್ದಲ ಧೂಳು ತುಂಬಿಕೊಂಡು ಬಂದವನು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲಿ ಕೂತೇ ನಿದ್ದೆ. "ಮುದುಕೀ, ನನ್ನ ಮದುವೆ ಆಗ್ತೀಯಾ? ಎರಡೂ ಕಡೆಯವರಿಗೂ ಜಾಸ್ತಿ ದಿನ ಕಷ್ಟ ಇರಲ್ಲ" ಎಂದು ದಿನವೂ ಕೇಳುತ್ತಿದ್ದ. ಅವನು ಸತ್ತ ದಿನ ಇಡೀ ಸಾಲಿನ ಕೋಣೆಗಳಿಗೆ ಇದ್ದವರು ವರ್ಡಿ, ಲೊನಾ ಇಬ್ಬರೇ. ಬಚ್ಚಲಲ್ಲಿ ಒಬ್ಬ ಅಜ್ಜಿ ಜಾರಿಬಿದ್ದಿದ್ದಳು. ಭಾರೀ ಮೈ, ಒದ್ದೆ ಮೈ, ಇಬ್ಬರು ಹಿಡಿಯದೆ ಏಳಿಸುವಂತಿರಲಿಲ್ಲ. ಥರ್ಮನ್‌ನ ಕರೆಗಂಟೆ ಬಡಿದುಕೊಳ್ಳುತ್ತಿತ್ತು. "ಬಂದೆ ತಾತ, ಬಂದೇಬಿಟ್ಟೆ" ಎಂದು ಲೊನಾ ಬಚ್ಚಲಿಂದಲೇ ಕೂಗುತ್ತಿದ್ದಳು. ಗಂಟೆ ನಿಂತಾಗ ವರ್ಡಿಗೆ ಮೊದಲು ಅನಿಸಿದ್ದು, ಅಬ್ಬ, ಸದ್ಯ ಸುಮ್ಮನಾದ, ಎಂದು. ಅದನ್ನು ಅವಳು ಯಾರಿಗೂ ಹೇಳಿಲ್ಲ. ಅವನ ಬೆರಳು ಗಂಟೆಯ ಗುಂಡಿಯ ಮೇಲೆಯೇ ಇತ್ತು. ಅವನನ್ನು ತೊಳೆದು ಬಟ್ಟೆ ತೊಡಿಸುವಾಗ ಲೊನಾ ಅಳಲಿಲ್ಲ. "ಇದು ಹೀಗೇ ನಡೀಬಾರದು ಅಕ್ಕ. ಒಬ್ಬೊಬ್ಬರೇ ಹೋಗಿ ಗೋಗರೆದರೆ ಆಗಲ್ಲ" ಎಂದಳು. ಯೂನಿಯನ್ ಎಂಬ ಮಾತು ಶುರುವಾದದ್ದು ಆ ಹೆಣದ ಪಕ್ಕದಲ್ಲಿ.

ಆಮೇಲೆ ಆ ಗುರುವಾರ, ಲೊನಾಳ ಅಡುಗೆಮನೆ. ಮೇಜಿನ ಸುತ್ತ ಆಯಾಗಳು, ಕುರ್ಚಿ ಸಾಲದೆ ತಲೆಕೆಳಗಾದ ಬಕೆಟ್ಟಿನ ಮೇಲೊಬ್ಬಳು. ಯೂನಿಯನ್ ಬೇಕೆನ್ನುವವರು ಕೈಯೆತ್ತಿ ಎಂದಾಗ ವರ್ಡಿಯೂ ಎತ್ತಿದ್ದಳು. ಎತ್ತಿದ ಕೈಯನ್ನು ಪಕ್ಕದವಳು ಹಿಡಿದುಕೊಂಡಿದ್ದಳು. ಲೊನಾ ಅಲ್ಲಿ ಒಂದು ಕಥೆ ಹೇಳಿದಳು. ನೂರು ವರ್ಷದ ಹಿಂದೆ ಹತ್ತು ಸಾವಿರ ಗಣಿಕೂಲಿಗಳು ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಯೂನಿಯನ್ ಬೇಕೆಂದು, ಕೈಯಲ್ಲಿ ಕೋವಿ ಹಿಡಿದು ಇದೇ ಬ್ಲೇರ್ ಬೆಟ್ಟ ಹತ್ತಿದ್ದರಂತೆ. ಬೆಟ್ಟದ ನೆತ್ತಿಯಲ್ಲಿ ಗಣಿ ಮಾಲೀಕರ ಕಡೆಯವರು ಕೋವಿಯಿಟ್ಟುಕೊಂಡು ಕಾದಿದ್ದರಂತೆ. ವಿಮಾನದಿಂದ ಬಾಂಬು ಹಾಕಿದರಂತೆ. ಕೊನೆಗೆ ಸರ್ಕಾರದ ಸೈನ್ಯವೇ ಬಂತಂತೆ, ಹೋದವರಲ್ಲಿ ನೂರಾರು ಮಂದಿಯ ಮೇಲೆ ರಾಜದ್ರೋಹದ, ಕೊಲೆಯ ಮೊಕದ್ದಮೆ. "ನಮ್ಮ ಶಾಲೆ ಪುಸ್ತಕದಲ್ಲಿ ಇದು ಎಲ್ಲಿತ್ತು, ಹೇಳಿ ನೋಡಾಣ? ಗಾಜಿನ ಕಾರ್ಖಾನೆ ಇತ್ತು, ಉಪ್ಪಿನ ಬಾವಿ ಇತ್ತು. ಇದಿರಲಿಲ್ಲ" ಎಂದಳು ಲೊನಾ. ಆಮೇಲೆ ವರ್ಡಿಯ ಕಡೆ ತಿರುಗಿ, "ನಿಮ್ಮ ತಾತ ಆ ಬೆಟ್ಟದ ಬುಡದ ಹೊಳೆದಂಡೆಯವರೇ ಅಲ್ವಾ ಅಕ್ಕ? ಅವರೂ ಹೋಗಿರ್ತಾರೆ" ಎಂದಳು. ಇಲ್ಲ ಎನ್ನಲು ಬಾಯಿ ತೆರೆದ ವರ್ಡಿಗೆ ಬೇರೊಂದು ನೆನಪಾಯಿತು. ಚಿಕ್ಕವಳಿದ್ದಾಗ ಗಂಟಲು ಬೇನೆ ಬಂದರೆ ಅಜ್ಜಿ ಹಂದಿಕೊಬ್ಬಿಗೆ ಕರ್ಪೂರ ಕಲಸಿ ಹಚ್ಚಿ ಕುತ್ತಿಗೆಗೊಂದು ಬಟ್ಟೆ ಸುತ್ತುತ್ತಿದ್ದಳು. ಒಗೆದು ಒಗೆದು ಮಾಸಿದ ಕೆಂಪು ಬಟ್ಟೆ. ಅಂಚಿನಲ್ಲಿ ಬಲವಾಗಿ ಗಂಟುಹಾಕಿ ಬಿಚ್ಚಿದ ಸುಕ್ಕು. ಇದೆಲ್ಲಿಯದು ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜಿ, "ಬಟ್ಟೆ ಅಂದ್ರೆ ಬಟ್ಟೆ, ಸುಮ್ನೆ ಮಲಕ್ಕೋ" ಎಂದಿದ್ದಳು.

ತಾತ ಪ್ರಾರ್ಥನೆಯಲ್ಲಿ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಊರಿನ ಹಿರಿಯರೆಲ್ಲ ರೋಗಿಗಳ, ವಿಧವೆಯರ, ದಾರಿ ತಪ್ಪಿದವರ ಹೆಸರುಗಳನ್ನು ಉದ್ದಕ್ಕೆ ಎಳೆದು ಕರೆಯುತ್ತಿದ್ದರೆ ಅವನು ಮಾತ್ರ ಒರಟು ದನಿಯಲ್ಲಿ, "ಕರ್ತನೇ, ಅವರನ್ನು ನೀನು ಬಲ್ಲೆ, ಕಾಪಾಡು" ಎಂದು ಮುಗಿಸುತ್ತಿದ್ದ. ತಾತನಿಗೆ ಮರೆವು ಹತ್ತಿದೆಯೆಂದು ವರ್ಡಿ ತಿಳಿದಿದ್ದಳು. ಮಕ್ಕಳೆಲ್ಲ ಅವನ ಹಿಂದೆ ಅವನ ಹಾಗೆಯೇ ಗೊಗ್ಗರು ದನಿ ಮಾಡಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಬೆಟ್ಟ ಹತ್ತಿದವರ ಹೆಸರಿಗಾಗಿ ಮನೆಮನೆ ಹುಡುಕಿಕೊಂಡು ಬಂದವರಿದ್ದ ಕಾಲದಲ್ಲಿ ಅವನು ಹಾಗೆ ಪ್ರಾರ್ಥಿಸಲು ಕಲಿತಿದ್ದ, ಆಮೇಲೆ ಬೇರೆ ಥರ ಪ್ರಾರ್ಥಿಸಲು ಅವನಿಗೆ ಬರಲೇ ಇಲ್ಲ. ಇದನ್ನು ಅವನು ಮೊಮ್ಮಗಳಿಗೆ ಹೇಳಬಹುದಿತ್ತು. ಹೇಳಿದ್ದರೆ ಅವಳು ಕಲಿಯುತ್ತಿದ್ದಳು. ಹೇಳದೆ ಮಣ್ಣಾದ. ಅವನ ಮೇಲೆ ಸಿಟ್ಟು ಬಂತು, ಮರುಗಳಿಗೆಯಲ್ಲಿ ಆ ಸಿಟ್ಟಿಗೆ ನಾಚಿಕೆಯಾಯಿತು. ಅವಳು ದಪ್ಪ ಕಾಲುಚೀಲ ಏರಿಸಿ ಎದ್ದಳು.

ಕರ್ತನ ಮೇಜಿಗೆ, ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಲು, ಬರುವ ಮೊದಲು ಯಾರಿಗೆ ತಪ್ಪು ಮಾಡಿದ್ದೀರೋ ಅವರಲ್ಲಿಗೆ ಹೋಗಿ ಬನ್ನಿ ಎಂಬುದು ಸಭೆಯ ಕಟ್ಟಳೆ. ವರ್ಡಿ ಒಣಸೇಬಿನ ಕೇಕಿನಲ್ಲಿ ಅರ್ಧ ಕತ್ತರಿಸಿ ಬಟ್ಟೆಯಲ್ಲಿ ಕಟ್ಟಿಕೊಂಡು, ಹೊಳೆಯ ಪಕ್ಕದ ದಾರಿ ಹಿಡಿದು ಲೊನಾಳ ಮನೆಗೆ ನಡೆದಳು. ಲೊನಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೆಲಸದ ನೀಲಿ ಅಂಗಿಗಳು, ಇನ್ನು ತೊಡುವ ಅಗತ್ಯವಿಲ್ಲದವು, ತಂತಿಯ ಮೇಲೆ ಸಾಲಾಗಿ ಒಣಗುತ್ತಿದ್ದವು.

"ಬಂದ್ಯಾ?" ಎಂದಳು ಲೊನಾ ತಿರುಗದೆಯೇ. "ಇವತ್ತು ಕಾಲು ತೊಳೆಯೋ ಹಬ್ಬ ಅಲ್ವಾ ನಿಮ್ಮದು? ಯಾರ ಕಾಲು ತೊಳೀತೀಯ? ಓಲೀಟಂದಾ?"

"ನಿನ್ನ ಕಾಲು ತೊಳೀಬೇಕು ಅಂತ ಬಂದೆ" ಎಂದಳು ವರ್ಡಿ. ಇದನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು. ಬಾಯಿಂದ ಹೊರಬಿದ್ದ ಮೇಲೆ ನಾಟಕದ ಮಾತಿನ ಹಾಗೆ ಕೇಳಿಸಿತು.

ಲೊನಾ ತನ್ನ ಕಾಲು ನೋಡಿಕೊಂಡಳು. ರಬ್ಬರ್ ಚಪ್ಪಲಿ, ಬೆರಳ ಸಂದಿಯಲ್ಲಿ ಹಸಿ ಮಣ್ಣು. "ಕಾಲಿಗೇನಾಗಿದೆ ಅಕ್ಕ? ಕಾಲು ಚೆನ್ನಾಗೇ ಇದೆ. ಕೆಲಸ ಹೋಗಿರೋದು."

"ನಾನು ಬೇಕಂತ ಮಾಡಲಿಲ್ಲ ಕಣೇ."

"ನಂಗೊತ್ತು ಬೇಕಂತ ಮಾಡಿಲ್ಲ ಅಂತ. ಬೇಕಂತ ಮಾಡಿದ್ರೆ ಬೈದು ಮುಗಿಸ್ತಿದ್ದೆ." ಲೊನಾ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿ ಈಗ ಅವಳ ಕಡೆ ತಿರುಗಿದಳು. "ನೀನು ಪ್ರಾರ್ಥನೆ ಮಾಡ್ದೆ. ದೇವರು ಕೇಳಿಸ್ಕೊಂಡ, ಓಲೀಟಾನೂ ಕೇಳಿಸ್ಕೊಂಡ್ಳು. ಓಲೀಟ ಮೊದಲು ಕೆಲಸ ಶುರುಮಾಡಿದ್ಳು, ಅಷ್ಟೆ."

ವರ್ಡಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ವಕೀಲರು ಹೇಳ್ತಾರೆ, ಯೂನಿಯನ್ ಕಟ್ಟಿದ್ದಕ್ಕೆ ತೆಗೆಯೋ ಹಾಗಿಲ್ಲ, ಕಾನೂನಿದೆ, ಆದ್ರೆ ವರ್ಷ ಹಿಡಿಯುತ್ತೆ ಅಂತ. ವರ್ಷದ ತನಕ ನನ್ನ ಹೊಟ್ಟೆಗೆ ಕಾನೂನು ತಿನ್ನಿಸ್ಲಾ? ಆಗ್ಲಿ ಬಿಡು, ನನ್ನದು ನಾನು ನೋಡ್ಕೋತೀನಿ. ಯೂನಿಯನ್ ಬೇಕೋ ಬೇಡ್ವೋ ಅಂತ ಬುಧವಾರ ಮತದಾನ ಇದೆ. ಒಳಗಿರೋರೆಲ್ಲ ಹೆದರಿ ಸಾಯ್ತಿದಾರೆ. ಅಡುಗೆಮನೇಲಿ ಕೈಯೆತ್ತಿದೋರೆಲ್ಲ ಈಗ, ನಾನಲ್ಲಪ್ಪ, ನಾನು ಕಾಫಿ ಕುಡಿಯೋಕೆ ಹೋಗಿದ್ದೆ ಅಂತಿದಾರೆ. ಯಾಕೆ ಗೊತ್ತಾ? ಯಾರು ಆಫೀಸಿನ ಕಡೆ, ಯಾರು ನಮ್ಮ ಕಡೆ ಅಂತ ಅವರಿಗೆ ತಿಳೀತಿಲ್ಲ. ನಿನ್ನನ್ನು ನೋಡಿದಾಗ್ಲೆಲ್ಲ ಇನ್ನೂ ತಿಳಿಯಲ್ಲ."

"ನಾನು ನಿಮ್ಮ ಕಡೆ" ಎಂದಳು ವರ್ಡಿ. ದನಿ ತೀರಾ ಸಣ್ಣದಾಗಿತ್ತು.

"ನನಗೆ ಹೇಳಿ ಏನು ಪ್ರಯೋಜನ? ನಾನು ಹೊರಗಿದೀನಿ." ಲೊನಾ ಕೈ ಒರೆಸಿಕೊಂಡು ಗಂಟನ್ನು ತೆಗೆದುಕೊಂಡಳು. "ಕೇಕು ಇಟ್ಟುಹೋಗು. ಕೇಕಿನ ಮೇಲೆ ನಂಗೇನೂ ಕೋಪ ಇಲ್ಲ." ಗೇಟಿನ ತನಕ ಬಂದವಳು ಮೆಲ್ಲಗೆ ಹೇಳಿದಳು, "ಒಂದು ಮಾತು ಅಕ್ಕ. ನನಗೋಸ್ಕರ ಇನ್ನು ಪ್ರಾರ್ಥನೆ ಮಾಡ್ಬೇಡ."

ಅದರಲ್ಲಿ ಬೈಗುಳವಿರಲಿಲ್ಲ. ಔಷಧ ಒಗ್ಗದವರು ಬೇಡವೆನ್ನುವ ಹಾಗೆ ಹೇಳಿದ್ದಳು. ಹೊಳೆಯ ಪಕ್ಕದಲ್ಲಿ ನಡೆಯುತ್ತ ವರ್ಡಿ ಅಭ್ಯಾಸಬಲದಿಂದ, ಕರ್ತನೇ, ಲೊನಾಳನ್ನು, ಎಂದು ಶುರುಮಾಡಿ ತಡೆದಳು. ಮತ್ತೆ ಶುರುವಾಯಿತು, ಮತ್ತೆ ತಡೆದಳು. ಅವಳಿಗೆ ಕೊಡಲು ಬರುತ್ತಿದ್ದದ್ದು ಅದೊಂದೇ. ಕೊಡಬೇಡ ಎಂದು ಹೇಳಿಸಿಕೊಂಡ ಮೇಲೆ ಅವಳ ಕೈ ಎರಡೂ ಬರಿದಾಗಿದ್ದವು.

ಸಭಾಮಂದಿರದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ರೊಟ್ಟಿ ಮುರಿದದ್ದಾಯಿತು, ದ್ರಾಕ್ಷಾರಸದ ಲೋಟ ಕೈಯಿಂದ ಕೈಗೆ ಬಂತು. ಲೋಟ ತುಟಿಗೆ ಮುಟ್ಟಿದಾಗ ವರ್ಡಿಗೆ ಇದನ್ನು ಕುಡಿಯುವ ಹಕ್ಕು ತನಗಿದೆಯೆ ಎಂದು ತಿಳಿಯಲಿಲ್ಲ; ಆದರೆ ಕುಡಿಯದೆ ದಾಟಿಸಿದರೆ ಪಕ್ಕದವಳು ನೋಡುತ್ತಾಳೆ. ಕುಡಿದಳು. ಆಮೇಲೆ ಬೋಗುಣಿಗಳು ಬಂದವು. ಹಿರಿಯರು ಹಾಡಿನ ಒಂದು ಸಾಲನ್ನು ಬೇಗಬೇಗ ಹೇಳಿಕೊಟ್ಟರು, ಸಭೆ ಅದನ್ನು ಎತ್ತಿಕೊಂಡು ಬೆಟ್ಟ ಹತ್ತುವವರ ಹಾಗೆ ನಿಧಾನವಾಗಿ, ದಣಿವಿನಿಂದ ಎಳೆಯಿತು. ಹೆಂಗಸರು ಒಬ್ಬೊಬ್ಬರೇ ಎದ್ದು, ಸೊಂಟಕ್ಕೆ ಉದ್ದನೆಯ ಟವೆಲ್ ಕಟ್ಟಿಕೊಂಡು, ತಮಗೆ ಬೇಕಾದವರ ಮುಂದೆ ಹೋಗಿ ಮಂಡಿಯೂರತೊಡಗಿದರು. ಯಾರು ಯಾರ ಮುಂದೆ ನಿಲ್ಲುತ್ತಾರೆಂದು ನೋಡಬಾರದು, ಆದರೆ ಎಲ್ಲರೂ ನೋಡುತ್ತಾರೆ. ಕೊನೆಯ ಬೆಂಚಿಗೆ ಬರುವವರು ಕಡಿಮೆ. ವರ್ಡಿ ಕಾಲುಚೀಲ ಕಳಚಿ, ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕುಳಿತಿದ್ದಳು. ಆಗ ಟವೆಲ್ ಕಟ್ಟಿಕೊಂಡ ಓಲೀಟ ಬೆಂಚುಗಳ ನಡುವಿನಿಂದ ಬೋಗುಣಿ ಹಿಡಿದು ನೇರವಾಗಿ ತನ್ನ ಕಡೆಗೆ ಬರುವುದು ಕಾಣಿಸಿತು.

ಓಲೀಟಳಿಗೂ ಮಂಡಿನೋವು. ಬೆಂಚಿನ ಅಂಚು ಹಿಡಿದು, ನರಳುತ್ತ, ಒಂದೊಂದೇ ಮಂಡಿಯನ್ನು ಊರಿದಳು. ವರ್ಡಿಯ ಬಲಗಾಲನ್ನು ಎರಡು ಕೈಯಲ್ಲಿ ಎತ್ತಿ ನೀರಿಗಿಳಿಸಿದಳು. ನೀರು ಬೆಚ್ಚಗಿತ್ತು, ಬರುವ ದಾರಿಯಲ್ಲಿ ತಣ್ಣಗಾಗದಿರಲೆಂದು ಅವಳು ಕೊನೆಯ ಗಳಿಗೆಯಲ್ಲಿ ಬಿಸಿನೀರು ಬೆರೆಸಿಕೊಂಡಿರಬೇಕು. ಉಬ್ಬಿದ ಎಲುಬಿನ ಮೇಲೆ ಅವಳ ಹೆಬ್ಬೆರಳು ನೋಯದ ಹಾಗೆ ಮೆಲ್ಲಗೆ ಸುತ್ತಿತು. ಇದು ಆಯಾ ಕೆಲಸ ಮಾಡಿದವಳ ಕೈ. ಮೇಲ್ವಿಚಾರಕಿಯಾಗುವ ಮೊದಲು ಓಲೀಟ ವರ್ಡಿಯ ಜೊತೆಗೇ ಹಾಸಿಗೆ ಬದಲಿಸುತ್ತಿದ್ದಳು, ಹೆಣ ತೊಳೆಯುತ್ತಿದ್ದಳು. ವರ್ಡಿಗೆ ಕಾಲು ಎಳೆದುಕೊಳ್ಳಬೇಕೆನಿಸಿತು. ಆದರೆ ಅವಳ ಬಡಪಾಯಿ ಕಾಲಿಗೆ ಹಿತವಾಗುತ್ತಿತ್ತು, ಅದು ಅವಳ ಮಾತು ಕೇಳಲಿಲ್ಲ. ಓಲೀಟ ಅಳುತ್ತಿದ್ದಳು. ಪಾದ ತೊಳೆಯುವಾಗ ಎಲ್ಲರೂ ಅಳುತ್ತಾರೆ. ಇದು ಆ ಅಳುವೋ ಬೇರೆಯದೋ ಗೊತ್ತಾಗಲಿಲ್ಲ.

"ಸಹೋದರಿ," ಎಂದಳು ಓಲೀಟ, ಹಾಡಿನ ಅಡಿಯಲ್ಲಿ, ಇಬ್ಬರಿಗೆ ಮಾತ್ರ ಕೇಳುವಂತೆ. "ನಿನಗೆ ಋಣಿ ನಾನು. ಯಜಮಾನ ನನ್ನ ಕೇಳಿದ್ದ, ನಿಮ್ಮ ಸಾಲಿನಲ್ಲಿ ಏನು ನಡೀತಿದೆ ಅಂತ ನಿನಗೇ ಗೊತ್ತಿಲ್ಲ ಅಂದ್ರೆ ನೀನು ಯಾಕಿರಬೇಕು ಇಲ್ಲಿ ಅಂತ. ಮನೇಲಿ ನಮ್ಮವರು ಹಾಸಿಗೆ ಹಿಡಿದಿದಾರೆ, ನಿನಗೆ ಗೊತ್ತು. ನೀನು ಅವತ್ತು ಎದ್ದು ನಿಂತೆ. ದೇವರೇ ನಿಲ್ಲಿಸ್ದ ಅಂದ್ಕೊಂಡೆ."

ವರ್ಡಿಯ ಕಿವಿಯಲ್ಲಿ ಹಾಡು ದೂರ ಸರಿಯಿತು. ಇವಳು ತನ್ನನ್ನು ಮೋಸಗೊಳಿಸಿಲ್ಲ. ಆ ಪ್ರಾರ್ಥನೆಯನ್ನು ಸಹೋದರಿಯೊಬ್ಬಳು ತನಗೆ ಬುದ್ಧಿಪೂರ್ವಕವಾಗಿ ಮಾಡಿದ ಉಪಕಾರವೆಂದು ನಂಬಿದ್ದಾಳೆ, ಅದಕ್ಕಾಗಿ ನೋಯುವ ಮಂಡಿಯ ಮೇಲೆ ಕೂತಿದ್ದಾಳೆ. ದ್ವೇಷಿಸಲಿಕ್ಕೆ ಅವಳ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ವರ್ಡಿ ಹುಡುಕಿದಳು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಮೂಗಿನ ತುದಿಯಲ್ಲಿ ನೀರು.

"ಇನ್ನೊಂದು ಸಲ ಕೇಳ್ತಿದೀನಿ, ತಪ್ಪು ತಿಳೀಬೇಡ" ಎಂದಳು ಓಲೀಟ. "ಆ ಹುಡುಗಿ ಮನೇಲಿ ಇನ್ಯಾರ್ಯಾರಿದ್ರು ಅಂತ ನಾಳೆ ಹೇಳ್ಬೇಕು ನಾನು. ಬುಧವಾರಕ್ಕೆ ಮೊದಲು. ನಿಂಗೆ ಗೊತ್ತಿರುತ್ತೆ. ಒಂದೋ ಎರಡೋ ಹೇಳು ಸಾಕು. ಯಾರಿದ್ರು?"

"ನಾನಿದ್ದೆ" ಎಂದಳು ವರ್ಡಿ.

ನೀರೊಳಗಿನ ಕೈ ನಿಂತಿತು. ಓಲೀಟ ಮುಖ ಎತ್ತಿದಳು. "ನೀನಲ್ಲ. ಬೇರೆ ಯಾರು ಅಂತ ಕೇಳಿದ್ದು."

"ನಾನಿದ್ದೆ ಓಲೀಟ. ಮೇಜಿನ ಹತ್ತಿರ ಕೂತಿದ್ದೆ. ಯೂನಿಯನ್ ಬೇಕು ಅಂತ ಕೈಯೆತ್ತಿದೆ. ಥರ್ಮನ್ ಸತ್ತಾಗ ಆ ಸಾಲಿನಲ್ಲಿ ನಾನೂ ಇದ್ದೆ, ಲೊನಾ ಒಬ್ಬಳೇ ಅಲ್ಲ. ಅದನ್ನೂ ಹೇಳು."

ದನಿ ತಾನಾಗಿ ಏರಿತ್ತು. ಮುಂದಿನ ಬೆಂಚಿನ ಎರಡು ತಲೆಗಳು ತಿರುಗಿದವು. ಈ ಸಲ ಅದರಲ್ಲಿ ಅವಳಿಗೆ ಯಾವ ಹಿತವೂ ಇರಲಿಲ್ಲ. ಈ ವಯಸ್ಸಿನಲ್ಲಿ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಲೊನಾ ಇದನ್ನು ಕೇಳಿದರೂ ಕೇಕು ಸ್ವೀಕರಿಸಿದ ಹಾಗೆಯೇ ಸ್ವೀಕರಿಸಿಯಾಳು, ಅದಕ್ಕಿಂತ ಹೆಚ್ಚಿಗೆ ಅಲ್ಲ. ಥರ್ಮನ್ ಅಂತೂ ಕೇಳುವುದಿಲ್ಲ.

"ಇದನ್ನ ನನಗ್ಯಾಕೆ ಹೇಳ್ದೆ?" ಎಂದಳು ಓಲೀಟ. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಿದ್ದೆ. ಈಗ ಅವನು ಕೇಳಿದ್ರೆ ನಾನೇನು ಮಾಡ್ಲಿ? ಸುಳ್ಳು ಹೇಳೋಕೆ ನನಗೆ ಬರಲ್ಲ ವರ್ಡಿ. ನಿಂಗೊತ್ತು ನಂಗೆ ಬರಲ್ಲ."

"ಹೇಳ್ಬೇಡ" ಎಂದಳು ವರ್ಡಿ. "ಸುಳ್ಳು ಹೇಳ್ಬೇಡ."

ಓಲೀಟ ಬಹಳ ಹೊತ್ತು ಎದ್ದುಹೋಗಲೂ ಇಲ್ಲ, ತೊಳೆಯಲೂ ಇಲ್ಲ. ತೊಯ್ದ ಕೈಯಿಂದ ಬಲಗಾಲನ್ನು ಹಾಗೆಯೇ ಹಿಡಿದುಕೊಂಡಿದ್ದಳು. ಹಿರಿಯರು ಮುಂದಿನ ಸಾಲು ಹೇಳಿಕೊಟ್ಟರು, ಸಭೆ ಅದನ್ನೂ ಎಳೆಯತೊಡಗಿತು. ಕೊನೆಗೆ ಅವಳು ಸೊಂಟದ ಟವೆಲಿನ ತುದಿಯಿಂದ ಆ ಕಾಲನ್ನು ಒರೆಸಿದಳು. ಬೆರಳ ಸಂದಿಗಳನ್ನು ಒಂದೊಂದಾಗಿ, ರೋಗಿಯ ಕಾಲನ್ನು ಒರೆಸುವ ಹಾಗೆ, ಒರೆಸಿ ನೆಲಕ್ಕಿಟ್ಟಳು. ವರ್ಡಿ ಎಡಗಾಲನ್ನು ಬೆಂಚಿನ ಕೆಳಗಿನಿಂದ ಹೊರಕ್ಕೆ ತೆಗೆದು ನೀರಿಗಿಟ್ಟಳು.